ಕುಬ್ಜ ಗ್ಯಾಲಕ್ಸಿಯೊಳಗೆ ಅಡಗಿದ್ದ ಸುರುಳಿ

ಉತ್ತರೆ ಮಳೆಯ ಹೆಸರು ಕೇಳದ ತೊಗರಿ ರೈತ ಕಲಬುರಗಿ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಆ ಮಳೆ ಬರುವ ಸೆಪ್ಟೆಂಬರಿನಲ್ಲಿ ಉತ್ತರಾ ನಕ್ಷತ್ರ ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. ನಕ್ಷತ್ರವನ್ನೇ ನೋಡಬೇಕೆಂದರೆ ಏಪ್ರಿಲ್ ಕೊನೆಯಲ್ಲಿ, ಸೆಕೆ ತಾಳದೆ ಮಾಳಿಗೆಯ ಮೇಲೆ ಹಾಸಿಗೆ ಹಾಕುವ ದಿನಗಳಲ್ಲಿ, ರಾತ್ರಿ ಹತ್ತರ ಸುಮಾರಿಗೆ ನೆತ್ತಿಯತ್ತ ಕಣ್ಣು ಹಾಯಿಸಬೇಕು. ಅದಕ್ಕಿಂತ ತುಸು ಪೂರ್ವಕ್ಕೆ, ಬರಿಗಣ್ಣಿಗೆ ಖಾಲಿ ಕಾಣುವ ಜಾಗದಲ್ಲಿ, ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳಿವೆ. ಅದೇ ಕನ್ಯಾ ಗುಚ್ಛ. ದೂರ ಸುಮಾರು 5.4 ಕೋಟಿ ಜ್ಯೋತಿರ್ವರ್ಷ.

ಅಲ್ಲಿ ಹೆಚ್ಚಿನವು ಕುಬ್ಜ ಗ್ಯಾಲಕ್ಸಿಗಳು. ಐಸಿ 3328 ಅಂಥದ್ದೊಂದು. ಚಿತ್ರದಲ್ಲಿ ನಯವಾದ, ಮೊಟ್ಟೆಯಾಕಾರದ ಮಸುಕು ಬೆಳಕು, ಅಷ್ಟೆ. ಹಾಗಾಗಿ ಅದನ್ನು ಕುಬ್ಜ ದೀರ್ಘವೃತ್ತೀಯ ಗ್ಯಾಲಕ್ಸಿಗಳ ಸಾಲಿಗೆ ಸೇರಿಸಿದ್ದರು. ಖಗೋಳಜ್ಞರಾದ ಹೆಲ್ಮುಟ್ ಯೆರ್ಯೆನ್, ಅಗ್ರಿಸ್ ಕಾಲ್ನೈಸ್ ಮತ್ತು ಬ್ರೂನೊ ಬಿಂಗ್ಗೆಲಿ ಚಿಲಿಯ ಪರಾನಾಲ್‌ನ 8.2 ಮೀಟರ್ ದೂರದರ್ಶಕದ ಚಿತ್ರ ತೆಗೆದುಕೊಂಡು, ಅದರಿಂದ ನಯವಾದ ಬೆಳಕನ್ನೆಲ್ಲ ಕಳೆದುಬಿಟ್ಟರು. ಉಳಿದಿದ್ದು ಬಿಗಿಯಾಗಿ ಸುತ್ತಿಕೊಂಡ ಎರಡು ಸುರುಳಿ ತೋಳುಗಳು! ಒಟ್ಟು ಬೆಳಕಿನ ಎದುರು ಶೇಕಡಾ ಕೆಲವೇ ಪಾಲು. 2000ದಲ್ಲಿ ಪ್ರಕಟವಾದ ಈ ಕೆಲಸ ನನಗೆ ತುಂಬ ಇಷ್ಟ. ಹೊಸದಾಗಿ ಏನನ್ನೂ ಸೇರಿಸದೆ, ಬರೀ ಕಳೆಯುವುದರಿಂದಲೇ ಅವರು ಕಂಡುಕೊಂಡದ್ದು ಇದು.

ಸುರುಳಿ ಇದೆಯೆಂದರೆ ತಟ್ಟೆಯಂತೆ ತಿರುಗುವ ಡಿಸ್ಕ್ ಇದೆ ಎಂದರ್ಥ. ಸುರುಳಿ ಗ್ಯಾಲಕ್ಸಿಗಳ ಡಿಸ್ಕ್‌ನಲ್ಲಿ ಹೊಸ ನಕ್ಷತ್ರಗಳನ್ನು ಹುಟ್ಟಿಸುವ ಅನಿಲ ಸಾಮಾನ್ಯ, ಇಂಥ ಕುಬ್ಜಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಆ ಅನಿಲ ಎಲ್ಲಿ ಹೋಯಿತು? ಗುಚ್ಛದ ಗ್ಯಾಲಕ್ಸಿಗಳ ನಡುವಿನ ಜಾಗ ಬರಿದಲ್ಲ. ಕೋಟಿಗಟ್ಟಲೆ ಡಿಗ್ರಿ ಬಿಸಿಯಾದ ವಿರಳ ಅನಿಲ ಅಲ್ಲಿ ತುಂಬಿದೆ. ಸೆಕೆಂಡಿಗೆ ಸಾವಿರ ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಒಳನುಗ್ಗುವ ಗ್ಯಾಲಕ್ಸಿಗೆ ಅದೇ ಎದುರುಗಾಳಿ. ರಾಶಿ ತೂರುವಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ, ಗ್ಯಾಲಕ್ಸಿಯ ಅನಿಲ ಹಿಂದಕ್ಕೆ ಕಿತ್ತುಹೋಗುತ್ತದೆ, ನಕ್ಷತ್ರಗಳು ಉಳಿಯುತ್ತವೆ. 1972ರಲ್ಲಿ ಜೇಮ್ಸ್ ಗನ್ ಮತ್ತು ರಿಚರ್ಡ್ ಗಾಟ್ ಈ ಒತ್ತಡದ ಲೆಕ್ಕ ಕೊಟ್ಟರು. ಕುಬ್ಜಗಳ ಗುರುತ್ವ ದುರ್ಬಲ. ಅನಿಲವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅವಕ್ಕೆ ಕಡಿಮೆ.

ಆದರೆ ಆ ತೋಳುಗಳು ಹಳೆಯ ಸುರುಳಿ ಗ್ಯಾಲಕ್ಸಿಯೊಂದರ ಅವಶೇಷವೇ ಆಗಬೇಕೆಂದಿಲ್ಲ. ಹತ್ತಿರ ಹಾದುಹೋಗುವ ದೊಡ್ಡ ಗ್ಯಾಲಕ್ಸಿಗಳ ಮತ್ತು ಇಡೀ ಗುಚ್ಛದ ಸೆಳೆತಕ್ಕೂ ಡಿಸ್ಕ್‌ನಲ್ಲಿ ಸುರುಳಿ ಏಳಬಲ್ಲದು. ಐಸಿ 3328 ಒಂಟಿಯೂ ಅಲ್ಲ: 2006ರಲ್ಲಿ ಥಾರ್ಸ್ಟೆನ್ ಲಿಸ್ಕರ್ ಮತ್ತು ಸಂಗಡಿಗರು ಕನ್ಯಾ ಗುಚ್ಛದ ಇಂಥ 476 ಕುಬ್ಜಗಳನ್ನು ಪರೀಕ್ಷಿಸಿ 41ರಲ್ಲಿ ಡಿಸ್ಕ್‌ನ ಲಕ್ಷಣ ಕಂಡರು. ಹೆಚ್ಚು ಬೆಳಗುವ ಕುಬ್ಜಗಳಲ್ಲಿ ಅವುಗಳ ಪಾಲು ದೊಡ್ಡದು, ಮಂಕಾದವುಗಳಲ್ಲಿ ತೀರಾ ಸಣ್ಣದು.