ತಲಪಾಡಿ ಬಸ್ಸಿನೊಳಗೆ ಉಡುಪಿ ಹುಡುಕಬೇಡಿ

ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಕಡೆ ಮದುವೆ ಇಲ್ಲ. ಉಡುಪಿಯಲ್ಲಿ ಫೋಟೋ ಸ್ಟುಡಿಯೊ ಇಟ್ಟಿರುವ ನನ್ನ ಗೆಳೆಯನಿಗೆ ಹಳೇ ಹಾರ್ಡ್‌ಡಿಸ್ಕ್ ಜಾಲಾಡಲು ಆಗಲೇ ಪುರುಸೊತ್ತು. ಎಡಿಟ್ ಆದ ಫೋಟೋಗಳನ್ನು ಮಾತ್ರ ಹುಡುಕಿ ಬೇರೆ ಡಿಸ್ಕಿಗೆ ಹಾಕುವ ಸಣ್ಣ ಪ್ರೋಗ್ರಾಂ ಬೇಕು ಅಂದ. ಅರ್ಧ ಗಂಟೆಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡಿತು. 4 ಜಿಬಿ ರ್‍ಯಾಮಿನ ಅವನ ಕಂಪ್ಯೂಟರಿನಲ್ಲಿ ಮೌಸ್ ಕೂಡ ಅಲುಗಾಡಲಿಲ್ಲ.

"ಇದೆಂಥದು ಮಾರಾಯ? ಫೋಟೋ ಓಪನ್ ಕೂಡ ಮಾಡ್ಲಿಲ್ಲ. ಬರೀ ಹೆಸರು ಹುಡುಕ್ಲಿಕ್ಕೆ ಇಷ್ಟು ಮೆಮೊರಿ ಬೇಕಾ?"

ಬೇಡ. ತಪ್ಪು ನನ್ನದೇ.

ನಾನು ಕೊಟ್ಟ ಪ್ಯಾಟರ್ನ್, ಅಂದರೆ ಹುಡುಕಬೇಕಾದ ಹೆಸರಿನ ಮಾದರಿ, **/ಎಡಿಟ್/*.ಜೆಪಿಜಿ. ಎಡಿಟ್ ಎಂಬ ಫೋಲ್ಡರುಗಳಲ್ಲಿರುವ ಜೆಪಿಜಿ ಫೋಟೋಗಳು ಅಂತ ಅರ್ಥ. ಒಂದು ನಕ್ಷತ್ರ ಅಂದರೆ ಒಂದೇ ಹೆಸರಿನೊಳಗೆ ಯಾವ ಅಕ್ಷರ ಎಷ್ಟಿದ್ದರೂ ಸರಿ. ಎರಡು ನಕ್ಷತ್ರ ಅಂದರೆ ಫೋಲ್ಡರ್ ಎಷ್ಟು ಆಳದಲ್ಲಿದ್ದರೂ ಸರಿ. ಪ್ಯಾಟರ್ನ್‌ನಲ್ಲಿ ತಪ್ಪಿಲ್ಲ. ಆದರೆ ನಾನು ಡಿಸ್ಕಿನ ಎಲ್ಲಾ ಪಾತ್‌ಗಳನ್ನೂ (ಫೋಲ್ಡರುಗಳ ಸಮೇತ ಫೈಲಿನ ಪೂರ್ತಿ ಹೆಸರು) ಮೊದಲು ಒಂದು ಲಿಸ್ಟಿಗೆ ತುಂಬಿ, ಆಮೇಲೆ ಸೋಸುತ್ತಿದ್ದೆ. ಲೆಕ್ಕ ಹಾಕಿ ನೋಡಿ. 100 ಅಕ್ಷರದ ಒಂದು ಪಾತ್‌ಗೆ ಪೈಥಾನ್ ಸುಮಾರು 150 ಬೈಟ್ ತೆಗೆದುಕೊಳ್ಳುತ್ತದೆ. ಅದೂ ಇಂಗ್ಲಿಷ್ ಅಕ್ಷರ ಆದರೆ. ಕನ್ನಡದಲ್ಲಿ ಹೆಸರಿಟ್ಟಿದ್ದರೆ ಅಕ್ಷರಕ್ಕೆ ಕಡಿಮೆಯೆಂದರೂ ಎರಡೆರಡು ಬೈಟ್. ಲಿಸ್ಟಿನಲ್ಲಿ ಜಾಗ ಹಿಡಿಯಲು ಇನ್ನೊಂದು 8 ಬೈಟ್. 20 ಲಕ್ಷ ಫೈಲ್ ಇದ್ದರೆ 300 ಎಂಬಿ ದಾಟಿತು. ನಾನು ಸಾಲದ್ದಕ್ಕೆ ಪ್ರತಿ ಪಾತನ್ನೂ ಬರೀ ಅಕ್ಷರಗಳಾಗಿ ಬಿಡದೆ, ಪೈಥಾನಿನ ಪಾತ್‌ಲಿಬ್ ಆಬ್ಜೆಕ್ಟ್ ಮಾಡಿದ್ದೆ. ಅದು ಇನ್ನೂ ಜಾಸ್ತಿ ತಿನ್ನುತ್ತದೆ.

ಇಲ್ಲಿ ಸುಮಾರು ಜನ ರೆಜೆಕ್ಸ್, ಅಂದರೆ ಹೆಸರು ಹೊಂದುತ್ತದಾ ಅಂತ ನೋಡುವ ಸೂತ್ರ, ಬದಲಿಸಲು ಹೊರಡುತ್ತಾರೆ. ಅದು ಆಮೇಲಿನ ಮಾತು. ಮೊದಲು ಲಿಸ್ಟ್ ಬಿಡಿ. ಒಂದು ಹೆಸರು ಬಂತು, ನೋಡಿದೆವು, ಬೇಕಾದರೆ ಕಾಪಿ ಮಾಡಿದೆವು, ಮರೆತೆವು. ಇಂಥ ನಕ್ಷತ್ರದ ಪ್ಯಾಟರ್ನ್‌ಗೆ ಹೊಂದುವ ಹೆಸರು ಹುಡುಕಿಕೊಡುವ ಪೈಥಾನಿನ ಗ್ಲಾಬ್ ಬದಲು ಐಗ್ಲಾಬ್ ಕರೆದರೂ ಉತ್ತರಗಳು ಒಂದೊಂದಾಗಿಯೇ ಬರುತ್ತವೆ. ಒಂದೇ ಫೋಲ್ಡರಿನಲ್ಲಿ ಲಕ್ಷಗಟ್ಟಲೆ ಫೈಲ್ ಇದ್ದರೆ, ಫೋಲ್ಡರಿನೊಳಗಿನ ಹೆಸರುಗಳನ್ನು ಒಂದೊಂದಾಗಿ ಕೊಡುವ ಓಎಸ್ ಸ್ಕ್ಯಾನ್‌ಡಿರ್ ನೇರವಾಗಿ ಬಳಸಿ. 2015ರಲ್ಲಿ ಪೈಥಾನ್ 3.5ರ ಜೊತೆ ಬಂದದ್ದು. ಇದು ಫೈಲಾ ಫೋಲ್ಡರಾ ಅಂತ ಸಾಮಾನ್ಯವಾಗಿ ಡಿಸ್ಕಿಗೆ ಇನ್ನೊಮ್ಮೆ ಕೇಳದೆಯೇ ಹೇಳುತ್ತದೆ.

ಇಷ್ಟಾದ ಮೇಲೂ ಒಂದು ದಡ್ಡತನ ಉಳಿದಿತ್ತು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉತ್ತರದ ಉಡುಪಿಗೆ ಹೋಗುವವರು ದಕ್ಷಿಣಕ್ಕೆ ಹೋಗುವ ತಲಪಾಡಿ ಬಸ್ಸು ಹತ್ತಿ, ಒಬ್ಬೊಬ್ಬರನ್ನೇ "ನೀವು ಉಡುಪಿಗಾ?" ಅಂತ ಕೇಳುತ್ತಾರಾ? ಬೋರ್ಡ್ ನೋಡಿ ಬಿಡುತ್ತಾರೆ. ನನ್ನ ಪ್ರೋಗ್ರಾಂ ಪ್ರತಿ ಬಸ್ಸನ್ನೂ ಹತ್ತುತ್ತಿತ್ತು. ಎಡಿಟಿಂಗ್ ಸಾಫ್ಟ್‌ವೇರ್ ಮಾಡಿಟ್ಟ ಪ್ರಿವ್ಯೂ ಫೋಲ್ಡರುಗಳಲ್ಲಿ ಸಾವಿರಾರು ಚಿಲ್ಲರೆ ಫೈಲುಗಳಿದ್ದವು. ಅಲ್ಲಿ ನಮಗೆ ಬೇಕಾದದ್ದು ಏನೂ ಇಲ್ಲ. ಫೋಲ್ಡರಿನಿಂದ ಫೋಲ್ಡರಿಗೆ ಸುತ್ತುವ ಪೈಥಾನಿನ ಓಎಸ್ ವಾಕ್ ಬಳಸುವವರು ಅಂಥ ಹೆಸರನ್ನು ಅದು ಕೊಡುವ ಫೋಲ್ಡರ್ ಲಿಸ್ಟಿನಿಂದಲೇ ಅಳಿಸಬೇಕು. ಹೊಸ ಲಿಸ್ಟ್ ಮಾಡಿ ಅದೇ ಹೆಸರಿಟ್ಟರೆ ವಾಕ್‌ಗೆ ಗೊತ್ತೇ ಆಗುವುದಿಲ್ಲ, ಸೀದಾ ಒಳಗೆ ಹೋಗುತ್ತದೆ. ನಾನೇ ಎರಡು ಸಲ ಬಿದ್ದ ಗುಂಡಿ ಇದು. ಪ್ಯಾಟರ್ನ್ 2019/ ಅಂತ ಶುರುವಾದರೆ ಇನ್ನೂ ಸುಲಭ, ಹುಡುಕಾಟವನ್ನೇ ಆ ಫೋಲ್ಡರಿನಿಂದ ಆರಂಭಿಸಿ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕೂಡ ಹೀಗೆಯೇ. ಏನೇನು ಬಿಡಬೇಕು ಅಂತ ಬರೆಯುವ ಗಿಟ್‌ಇಗ್ನೋರ್ ಫೈಲಿನಲ್ಲಿ ಒಂದು ಫೋಲ್ಡರನ್ನೇ ಬಿಟ್ಟರೆ, ಅದರೊಳಗಿನ ಒಂದು ಫೈಲನ್ನು ಮಾತ್ರ ಮತ್ತೆ ಸೇರಿಸಲು ಬರುವುದಿಲ್ಲ. ಅದು ಒಳಗೆ ಇಣುಕುವುದೇ ಇಲ್ಲ.

ಈಗ ಹೆಸರು ಪ್ಯಾಟರ್ನ್‌ಗೆ ಹೊಂದುತ್ತದಾ ಅಂತ ನೋಡುವ ಮಾತು. ಪುಸ್ತಕದ ದಾರಿಯಲ್ಲಿ ಹೋದರೆ ಪ್ಯಾಟರ್ನ್ ಒಂದು ಕಡೆ, ಹೆಸರು ಒಂದು ಕಡೆ ಇಟ್ಟು ಇಡೀ ಕೋಷ್ಟಕ ಕಟ್ಟುತ್ತೀರಿ. ಅದೆಲ್ಲ ಬೇಡ. ಎರಡು ಬೆರಳು ಸಾಕು. ಒಂದು ಪ್ಯಾಟರ್ನ್ ಮೇಲೆ, ಒಂದು ಹೆಸರಿನ ಮೇಲೆ. ನಕ್ಷತ್ರ ಸಿಕ್ಕಿದಾಗ ಎರಡೂ ಜಾಗ ಗುರುತಿಟ್ಟು ಮುಂದೆ ಹೋಗಿ. ಮುಂದೆ ಅಕ್ಷರ ಹೊಂದದಿದ್ದರೆ ಗುರುತಿಗೆ ವಾಪಸ್ ಬಂದು, ನಕ್ಷತ್ರಕ್ಕೆ ಇನ್ನೊಂದು ಅಕ್ಷರ ತಿನ್ನಿಸಿ ಮತ್ತೆ ಹೊರಡಿ. ಹೊಸ ನಕ್ಷತ್ರ ಬಂದರೆ ಹಳೇ ಗುರುತು ಅಳಿಸಬಹುದು, ಅದಕ್ಕೆ ಮತ್ತೆ ಹಿಂದಿರುಗುವ ಅಗತ್ಯ ಎಂದೂ ಬರುವುದಿಲ್ಲ. ಇದರ ಚಂದ ಇರುವುದೇ ಇಲ್ಲಿ. ಹೆಸರು ಎಷ್ಟೇ ಉದ್ದ ಇರಲಿ, ಮೆಮೊರಿಯಲ್ಲಿ ನಾಲ್ಕು ಸಂಖ್ಯೆ, ಅಷ್ಟೇ. ಎರಡು ನಕ್ಷತ್ರಕ್ಕೂ ಇದೇ ಉಪಾಯ, ಅಕ್ಷರದ ಬದಲು ಫೋಲ್ಡರ್ ಲೆಕ್ಕದಲ್ಲಿ.

ಪ್ಯಾಟರ್ನ್‌ಗಳು ನೂರಾರು ಇದ್ದರೆ? ಹೆಚ್ಚಿನವು *.ಜೆಪಿಜಿ ಥರದವೇ ಆಗಿರುತ್ತವೆ. ಅವನ್ನು ಒಂದು ಸೆಟ್‌ನಲ್ಲಿ ಹಾಕಿ, ಫೈಲಿನ ಬಾಲ ಮಾತ್ರ ನೋಡಿ. ರಸ್ಟ್ ಎಂಬ ಇನ್ನೊಂದು ಭಾಷೆಯ ಗ್ಲಾಬ್‌ಸೆಟ್ ಲೈಬ್ರರಿ ಕೂಡ ಸುಲಭದವನ್ನು ಹೀಗೆ ಬೇರೆ ಮಾಡಿ, ಉಳಿದವಕ್ಕೆ ಮಾತ್ರ ರೆಜೆಕ್ಸ್ ಹಚ್ಚುತ್ತದೆ.

ಅಂದಹಾಗೆ, ಗ್ಲಾಬ್ ಮೊದಲು ಬಂದದ್ದು 1971ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ, ನಾವು ಆಜ್ಞೆ ಟೈಪ್ ಮಾಡುವ ಶೆಲ್‌ಗಿಂತ ಬೇರೆಯದೇ ಪ್ರೋಗ್ರಾಂ ಆಗಿ. ಆ ಯಂತ್ರದ ಒಟ್ಟು ಮೆಮೊರಿ 24 ಕಿಲೋಬೈಟ್. ನನಗೆ 4 ಜಿಬಿ ಸಾಲಲಿಲ್ಲ!

ಹೊಸ ಪ್ರೋಗ್ರಾಂ ಓಡಿಸಿದೆ. ಮೆಮೊರಿ ಬಳಕೆ ಅಳೆಯುವ ಪೈಥಾನಿನ ಟ್ರೇಸ್‌ಮ್ಯಾಲಾಕ್‌ನಲ್ಲಿ ನೋಡಿದರೆ ಮೆಮೊರಿ ಏರುವುದು ನಿಂತಿತ್ತು. ಗೆಳೆಯ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ. "ಎಷ್ಟು ಪರ್ಸೆಂಟ್ ಆಯ್ತು ಅಂತ ಒಂದು ಗೆರೆ ಹಾಕ್ಲಿಕ್ಕೆ ಆಗ್ತದಾ?"

ಪರ್ಸೆಂಟ್ ಹೇಳಬೇಕಾದರೆ ಒಟ್ಟು ಎಷ್ಟು ಅಂತ ಮೊದಲೇ ಗೊತ್ತಿರಬೇಕು. ಅದಕ್ಕೆ ಇಡೀ ಡಿಸ್ಕ್ ಇನ್ನೊಂದು ಸುತ್ತು ಸುತ್ತಬೇಕು, ಇಲ್ಲವೇ ಮತ್ತೆ ಲಿಸ್ಟ್. ಎಷ್ಟು ಫೋಟೋ ಆಯ್ತು ಅಂತ ಮಾತ್ರ ತೋರಿಸುವ ಹಾಗೆ ಮಾಡಿಕೊಟ್ಟೆ. ಅವನು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ, ಆದರೆ ಚಹಾ ತರಿಸಿದ.