ಹಾರ್ನೆಸ್ ನಕ್ಷೆಯನ್ನು ಯಂತ್ರವೂ ಓದುವಂತಾಗಬೇಕು

ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಅಥವಾ ಮಂಡ್ಯದ ಬಳಿಯ ತೂಬಿನಕೆರೆ ಕೈಗಾರಿಕಾ ಪ್ರದೇಶದಿಂದ ಯಾರಾದರೂ ವೈರಿಂಗ್ ಹಾರ್ನೆಸ್ (ವಾಹನದ ವೈರ್‌ಗಳನ್ನು ಕನೆಕ್ಟರ್‌ಗಳ ಸಮೇತ ಕಟ್ಟಿದ ಕಂತೆ) ತಯಾರಿಸುವ ಘಟಕದ ಯಾಂತ್ರೀಕರಣದ ಬಗ್ಗೆ ಸಲಹೆ ಕೇಳಿದರೆ, ಗ್ರಾಹಕರಿಂದ ನಿಮಗೆ ನಕ್ಷೆ ಯಾವ ರೂಪದಲ್ಲಿ ಬರುತ್ತದೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಒಂದು ಪಿಡಿಎಫ್, ಅದರ ಜೊತೆಗೆ ಒಂದು ಎಕ್ಸೆಲ್ ಹಾಳೆ ಎಂಬುದೇ ಸಾಮಾನ್ಯವಾಗಿ ಸಿಗುವ ಉತ್ತರ. ಮನುಷ್ಯರು ಓದಲೆಂದು ಸಿದ್ಧವಾದ ಈ ಎರಡನ್ನೂ ಯಂತ್ರಕ್ಕೆ ಅರ್ಥ ಮಾಡಿಸಲು ಮತ್ತೊಬ್ಬರು ಕುಳಿತು ಟೈಪ್ ಮಾಡಲೇಬೇಕಾಗುತ್ತದೆ.

ಹಾಗೆ ಟೈಪ್ ಮಾಡುವುದು ಒಂದು ಸಲಕ್ಕೆ ಮುಗಿಯುವುದಿಲ್ಲ. ವೈರ್ ಕತ್ತರಿಸಿ, ಸುಲಿದು, ತುದಿಗೆ ಟರ್ಮಿನಲ್ ಎಂಬ ಲೋಹದ ತುಣುಕನ್ನು ಒತ್ತಿ ಕೂರಿಸುವ, ಅಂದರೆ ಕ್ರಿಂಪ್ ಮಾಡುವ ಯಂತ್ರಕ್ಕಾಗಿ ಕಟ್ ಶೀಟ್ (ಕತ್ತರಿಸಬೇಕಾದ ವೈರ್‌ಗಳ ಪಟ್ಟಿ) ಸಿದ್ಧಪಡಿಸುವಾಗ ಒಮ್ಮೆ, ಜೋಡಣೆಯ ಬೋರ್ಡಿನ ಮೇಲೆ ಕವಲುಗಳ ಚಿತ್ರ ಬಿಡಿಸುವಾಗ ಇನ್ನೊಮ್ಮೆ, ಕೊನೆಯ ವಿದ್ಯುತ್ ಪರೀಕ್ಷೆಯ ಪ್ರೋಗ್ರಾಂ ಬರೆಯುವಾಗ ಮತ್ತೊಮ್ಮೆ ಅದೇ ಸಂಪರ್ಕಗಳನ್ನು ನಮೂದಿಸಲಾಗುತ್ತದೆ. ಗ್ರಾಹಕರು ರಿವಿಷನ್ ಕಳುಹಿಸಿ ಒಂದು ಪಿನ್ ಬದಲಾಯಿಸಿದರೆ ಮೂರೂ ಕಡೆ ತಿದ್ದಬೇಕು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಹೊಗೆ ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲೆ ಬೈಕುಗಳಲ್ಲಿಯೂ ಇಂಧನ ಇಂಜೆಕ್ಷನ್ ಮತ್ತು ಸೆನ್ಸರ್‌ಗಳು ಸಾಮಾನ್ಯವಾದವು. 125 ಸಿಸಿಗಿಂತ ದೊಡ್ಡ ಎಂಜಿನ್‌ಗಳಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಲುಕದಂತೆ ತಡೆಯುವ ವ್ಯವಸ್ಥೆ) ಅದಕ್ಕೂ ಮೊದಲೇ ಕಡ್ಡಾಯವಾಗಿತ್ತು. ದ್ವಿಚಕ್ರ ವಾಹನದ ಹಾರ್ನೆಸ್ ಕೂಡ ಈಗ ಸರಳವಾಗಿ ಉಳಿದಿಲ್ಲವಾದ್ದರಿಂದ, ಕೈಯಲ್ಲಿ ನಕಲು ಮಾಡುವ ಹಳೆಯ ಕ್ರಮ ಅದರ ಭಾರವನ್ನು ಹೊರಲಾರದು.

ಇದಕ್ಕೆ ಪರಿಹಾರವಾಗಿ ಜರ್ಮನಿಯ ವಾಹನೋದ್ಯಮ ರೂಪಿಸಿಕೊಂಡದ್ದು ಕೆಬಿಎಲ್ ಎಂಬ, ಯಂತ್ರ ಓದಬಲ್ಲ ಎಕ್ಸ್‌ಎಂಎಲ್ ಕಡತ ಮಾದರಿ. ಅಲ್ಲಿನ ವಾಹನೋದ್ಯಮ ಸಂಘವಾದ ವಿಡಿಎ ಇದನ್ನು ತನ್ನ 4964ನೇ ಶಿಫಾರಸಾಗಿ ಪ್ರಕಟಿಸಿದೆ. ಕನೆಕ್ಟರ್‌ನ ಕವಚ, ಅದರ ಪ್ರತಿಯೊಂದು ರಂಧ್ರ, ಅದರೊಳಗೆ ಕೂರುವ ಟರ್ಮಿನಲ್ ಮತ್ತು ಸೀಲ್, ಅಲ್ಲಿಂದ ಹೊರಡುವ ವೈರ್, ಆ ವೈರ್ ಹಾದುಹೋಗುವ ಕವಲುಗಳು, ಮೇಲೆ ಸುತ್ತುವ ಟೇಪ್, ಕೊಳವೆ, ಕ್ಲಿಪ್ ಎಲ್ಲಕ್ಕೂ ಅದರಲ್ಲಿ ನಿಗದಿತ ಸ್ಥಾನವಿದೆ. ಒಂದೇ ಕಡತದಲ್ಲಿ ಹಾರ್ನೆಸ್‌ನ ಎಲ್ಲ ಆವೃತ್ತಿಗಳ ವೈರ್‌ಗಳನ್ನು ಸೇರಿಸಿ, ಯಾವ ವೈರ್ ಯಾವ ಮಾಡ್ಯೂಲ್‌ಗೆ (ಉಪಗುಂಪಿಗೆ) ಸೇರಿದ್ದು ಎಂದು ಗುರುತಿಸಲೂ ಅವಕಾಶವಿದೆ. ಹೀಗೆ ಬಂದ ಕಡತದಿಂದ ಕಟ್ ಶೀಟ್, ಬೋರ್ಡ್ ಚಿತ್ರ, ಪರೀಕ್ಷಾ ಪ್ರೋಗ್ರಾಂ ಮೂರನ್ನೂ ತಂತ್ರಾಂಶವೇ ಹೊರತೆಗೆಯಬಲ್ಲದು.

ಆದರೆ ಕಡತ ಬಂದ ಮಾತ್ರಕ್ಕೆ ಅದರೊಳಗಿನ ಅರ್ಥ ಸ್ಪಷ್ಟವಾಗಿರುತ್ತದೆಂದು ಭಾವಿಸಬಾರದು. ನಮ್ಮ ಕಡೆಯ ಘಟಕಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ವೈರಿನ ಉದ್ದವನ್ನೇ ನೋಡಿ. ವಿನ್ಯಾಸಕಾರರು ಮೂರು ಆಯಾಮದ ಮಾದರಿಯಲ್ಲಿ ಕವಲಿನ ನಡುಗೆರೆಯ ಗುಂಟ ಅಳೆದ ಉದ್ದವೇ ಬೇರೆ, ಯಂತ್ರ ಕತ್ತರಿಸಬೇಕಾದ ಉದ್ದವೇ ಬೇರೆ. ಕನೆಕ್ಟರ್‌ನೊಳಗೆ ಟರ್ಮಿನಲ್ ಎಷ್ಟು ಆಳಕ್ಕೆ ಹೋಗುತ್ತದೆ, ದಪ್ಪ ಕಂತೆಯ ತಿರುವಿನಲ್ಲಿ ಹೊರಬದಿಯ ವೈರ್ ಎಷ್ಟು ಹೆಚ್ಚು ದಾರಿ ಸಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಬೇಕು. ವಾಹನದ ನಿಯಂತ್ರಣ ಘಟಕಗಳು ಮಾಹಿತಿ ಹಂಚಿಕೊಳ್ಳುವ ಸಿಎಎನ್ ಜಾಲದ ಹೆಣೆದ ಜೋಡಿ ವೈರ್‌ಗಳಾದರೆ, ಹೆಣೆದಾಗ ಉದ್ದ ಕುಗ್ಗುವುದರಿಂದ ಮೊದಲೇ ಹೆಚ್ಚು ಕತ್ತರಿಸಿಕೊಳ್ಳಬೇಕು. ಕೆಬಿಎಲ್‌ನಲ್ಲಿ ಉದ್ದದ ಜೊತೆಗೆ ಅದು ಯಾವ ಬಗೆಯ ಉದ್ದ ಎಂದು ಬರೆಯಲು ಜಾಗವಿದೆ. ಆ ಜಾಗದಲ್ಲಿ ಬರೆದ ಹೆಸರಿಗೆ ಏನರ್ಥ ಎಂಬುದನ್ನು ಗ್ರಾಹಕರೂ ತಯಾರಕರೂ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು. ಇಲ್ಲವಾದರೆ ಯಂತ್ರ ತಪ್ಪು ಉದ್ದವನ್ನು ಬಹಳ ನಿಖರವಾಗಿ, ಬಹಳ ವೇಗವಾಗಿ ಕತ್ತರಿಸುತ್ತಾ ಹೋಗುತ್ತದೆ.

ಬಣ್ಣದ ಸಂಕೇತಗಳದ್ದೂ ಇದೇ ಕಥೆ. ಜಪಾನಿ ಮೂಲದ ನಕ್ಷೆಗಳಲ್ಲಿ ಕಪ್ಪಿಗೆ ಬಿ, ನೀಲಿಗೆ ಎಲ್ ಎಂದಿರುತ್ತದೆ. ಜರ್ಮನ್ ನಕ್ಷೆಗಳಲ್ಲಿ ನೀಲಿಗೆ ಬಿಎಲ್, ಕಪ್ಪಿಗೆ ಎಸ್‌ಡಬ್ಲ್ಯು. ಐಇಸಿ 60757 ಮಾನದಂಡದ ಪ್ರಕಾರ ಕಪ್ಪು ಬಿಕೆ, ನೀಲಿ ಬಿಯು. ಅನುಭವವಿರುವ ಮೇಲ್ವಿಚಾರಕಿಯೊಬ್ಬರು ನಕ್ಷೆಯ ಮೂಲೆಯಲ್ಲಿರುವ ಗ್ರಾಹಕರ ಹೆಸರು ನೋಡಿಯೇ ಇದನ್ನು ಊಹಿಸಬಲ್ಲರು, ತಂತ್ರಾಂಶಕ್ಕೆ ಆ ಊಹೆ ಬಾರದು. ಹೀಗಾಗಿಯೇ ಕೆಬಿಎಲ್‌ನ ಮುಂದಿನ ಹೆಜ್ಜೆಯಾದ ವಿಇಸಿ ಮಾದರಿಯಲ್ಲಿ, ಅಂದರೆ ವಿಡಿಎಯ 4968ನೇ ಶಿಫಾರಸಿನಲ್ಲಿ, ಬಣ್ಣದ ಸಂಕೇತದ ಜೊತೆಗೆ ಅದು ಯಾವ ಪದ್ಧತಿಗೆ ಸೇರಿದ್ದು ಎಂದೂ ಹೇಳಬೇಕು. ವಿಇಸಿಯ ವ್ಯಾಪ್ತಿ ಇನ್ನೂ ದೊಡ್ಡದು: ವಿದ್ಯುತ್ ಸಂಪರ್ಕದ ನಕ್ಷೆಯನ್ನೂ, ಬಿಡಿಭಾಗಗಳ ತಾಂತ್ರಿಕ ವಿವರಣೆಯನ್ನೂ ಅದು ಒಳಗೊಳ್ಳುತ್ತದೆ.

ಈ ಎರಡೂ ಮಾದರಿಗಳು ಮುಖ್ಯವಾಗಿ ಏನನ್ನು ತಯಾರಿಸಬೇಕು ಎಂದು ಹೇಳುತ್ತವೆ. ಹೇಗೆ ತಯಾರಿಸಬೇಕು ಎಂಬುದು ಬಹುಮಟ್ಟಿಗೆ ಕಾರ್ಖಾನೆಯ ಹೊಣೆ. ನಿರ್ದಿಷ್ಟ ಟರ್ಮಿನಲ್ ಮತ್ತು 0.5 ಚದರ ಮಿಲಿಮೀಟರ್ ವೈರ್ ಸೇರಿದಾಗ ಕ್ರಿಂಪ್ ಎತ್ತರ ಎಷ್ಟಿರಬೇಕು, ಕ್ರಿಂಪ್ ಮಾಡುವ ಉಪಕರಣವಾದ ಅಪ್ಲಿಕೇಟರ್ ಯಾವುದನ್ನು ಹಾಕಬೇಕು, ಎಳೆತ ಪರೀಕ್ಷೆಯಲ್ಲಿ ಎಷ್ಟು ಬಲ ತಡೆಯಬೇಕು ಎಂಬ ಮಾಹಿತಿ ನಮ್ಮ ಬಹುತೇಕ ಘಟಕಗಳಲ್ಲಿ ಯಂತ್ರವನ್ನು ಹೊಂದಿಸುವ ಸೆಟ್ಟರ್‌ನ ನೋಟ್‌ಬುಕ್ಕಿನಲ್ಲಿದೆ. ಯಂತ್ರಗಳ ನಡುವಿನ ಸಂವಹನಕ್ಕೆ ಓಪಿಸಿ ಯುಎ ಇದೆ, ಪ್ರತಿ ಬಿಡಿಭಾಗಕ್ಕೂ ಡಿಜಿಟಲ್ ಪ್ರತಿರೂಪ ಕೊಡುವ ಅಸೆಟ್ ಅಡ್ಮಿನಿಸ್ಟ್ರೇಷನ್ ಶೆಲ್ ಕೂಡ ಬಂದಿದೆ. ಜರ್ಮನಿಯಲ್ಲಿ ಅದನ್ನು ಹಾರ್ನೆಸ್‌ಗೆ ಅಳವಡಿಸುವ ಕೆಲಸ ನಡೆದಿದೆ. ನನ್ನ ಅಭಿಪ್ರಾಯದಲ್ಲಿ, ನೋಟ್‌ಬುಕ್ಕಿನ ಮಾಹಿತಿ ಒಂದು ಸರಿಯಾದ ಪಟ್ಟಿಗೆ ಬರುವ ಮುನ್ನ ಇವುಗಳ ಮಾತು ನಮಗೆ ಅಕಾಲ.

ಕವಲುಗಳನ್ನು ಬೋರ್ಡಿನ ಮೇಲೆ ಹರಡಿ ಟೇಪ್ ಸುತ್ತುವ ಕೆಲಸ ಜಗತ್ತಿನಾದ್ಯಂತ ಇಂದಿಗೂ ಹೆಚ್ಚಾಗಿ ಕೈಗಳಿಂದಲೇ ನಡೆಯುತ್ತದೆ. ಮೆತ್ತಗಿನ ವೈರನ್ನು ಹಿಡಿಯುವುದು ರೋಬೋಟ್‌ಗೆ ಕಷ್ಟ. ಅಲ್ಲಿ ದತ್ತಾಂಶದ ಉಪಯೋಗ ಬೇರೆ ಬಗೆಯದು: ಮುಂದಿನ ವೈರ್ ಯಾವ ರಂಧ್ರಕ್ಕೆ ಎಂದು ಪರದೆಯ ಮೇಲೆ ತೋರಿಸಿದರೆ, ಹೊಸದಾಗಿ ಸೇರಿದ ಕೆಲಸಗಾರ್ತಿಗೆ ಇಡೀ ನಕ್ಷೆಯನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಸಣ್ಣ ಘಟಕದವರು ಇವತ್ತೇ ಮಾಡಬಹುದಾದದ್ದಿಷ್ಟು. ಮುಂದಿನ ಕೊಟೇಶನ್ ಕೊಡುವಾಗ ಪಿಡಿಎಫ್ ಜೊತೆಗೆ ಕೆಬಿಎಲ್ ಅಥವಾ ವಿಇಸಿ ಕಡತವನ್ನು ಗ್ರಾಹಕರಿಂದ ಕೇಳಿ. ಹಾರ್ನೆಸ್ ವಿನ್ಯಾಸದ ತಂತ್ರಾಂಶ ಬಳಸುವವರಲ್ಲಿ ಹಲವರಿಗೆ ಅದನ್ನು ಹೊರತೆಗೆದು ಕೊಡುವುದು ಕಷ್ಟವಲ್ಲ, ಕೇಳಿದವರಿಲ್ಲದೆ ಕೊಟ್ಟಿಲ್ಲ ಅಷ್ಟೆ. ಕಡತ ಕೈಗೆ ಬಂದ ಮೇಲೆ, ಈಗಾಗಲೇ ಉತ್ಪಾದನೆಯಲ್ಲಿರುವ ಒಂದು ಚಿಕ್ಕ ಹಾರ್ನೆಸ್ ಆರಿಸಿಕೊಂಡು, ಅದರಿಂದ ತಂತ್ರಾಂಶ ಹೊರತೆಗೆದ ಪಟ್ಟಿಯನ್ನು ನಿಮ್ಮ ಹಳೆಯ ಕಟ್ ಶೀಟಿನೊಂದಿಗೆ ಸಾಲು ಸಾಲಾಗಿ ಹೋಲಿಸಿ. ವ್ಯತ್ಯಾಸಗಳು ವೈರ್‌ಗಳನ್ನು ಒಂದಕ್ಕೊಂದು ಸೇರಿಸಿದ ಸ್ಪ್ಲೈಸ್‌ಗಳಲ್ಲಿ, ಹೆಣೆದ ಜೋಡಿಗಳಲ್ಲಿ ಮತ್ತು ಯಾರೋ ಪೆನ್ನಿನಿಂದ ತಿದ್ದಿ ಗ್ರಾಹಕರಿಗೆ ತಿಳಿಸದೆ ಬಿಟ್ಟ ಉದ್ದಗಳಲ್ಲಿ ಕಾಣಿಸುತ್ತವೆ. ಪ್ರತಿಯೊಂದಕ್ಕೂ ಯಾವುದು ಸರಿ ಎಂದು ಗ್ರಾಹಕರಿಂದ ಲಿಖಿತವಾಗಿ ಪಡೆದುಕೊಂಡ ಬಳಿಕ, ಪರೀಕ್ಷಾ ಪ್ರೋಗ್ರಾಂ ಅನ್ನೂ ಅದೇ ಕಡತದಿಂದ ಹುಟ್ಟಿಸಬಹುದು.