ಪದ ಪರಿಚಯ: ಸೆನ್ಸಿಟಿವಿಟಿ

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನೋ, ಫೋನಿನಲ್ಲಿ ಆಡುವ ಗನ್ ಆಟ) ಆಡುವ ನಾಲ್ಕು ಜನ ಒಂದು ಕಡೆ ಸೇರಿದರೆ ಈ ಮಾತು ಬಂದೇ ಬರುತ್ತದೆ: ‘ಗುರು, ನಿನ್ನ ಸೆನ್ಸಿ ಕೊಡು.’ ಅವರಲ್ಲಿ ಒಬ್ಬ ಎಂ416 ಗನ್ ಹಿಡಿದು, ಅದಕ್ಕೆ 4ಎಕ್ಸ್ ಸ್ಕೋಪ್ (ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು) ಹಾಕಿ, ಒಂದು ಗುಂಡೂ ಆಚೀಚೆ ಹೋಗದಂತೆ ಹೊಡೆದಿರುತ್ತಾನೆ. ಉಳಿದವರು ಅವನ ಸೆಟ್ಟಿಂಗ್ ಸಂಖ್ಯೆಗಳನ್ನೆಲ್ಲ ಹೊತ್ತು ತರುವ ಕೋಡ್ ತಗೊಂಡು ತಮ್ಮ ಫೋನಿಗೆ ಹಾಕಿಕೊಳ್ಳುತ್ತಾರೆ. ಮುಂದಿನ ಮ್ಯಾಚಿನಲ್ಲಿ ಗನ್ ಆಕಾಶ ನೋಡುತ್ತದೆ. ಈ ಕೋಡ್ ಸರಿ ಇಲ್ಲ ಅಂತ ಇನ್ನೊಬ್ಬರನ್ನು ಕೇಳುತ್ತಾರೆ. ನಾನೂ ತುಂಬಾ ದಿನ ಹೀಗೇ ಮಾಡಿದ್ದೇನೆ. ಈ ಪದಕ್ಕೆ ನಿಜವಾಗಿ ಏನರ್ಥ ಅಂತ ಗೊತ್ತಾದ ಮೇಲೆ ಕೋಡ್ ಕೇಳುವುದನ್ನು ಬಿಟ್ಟೆ.

ಸೆನ್ಸಿ ಅಂದರೆ ಸೆನ್ಸಿಟಿವಿಟಿ. ನಿಘಂಟು ತೆಗೆದರೆ ಸೂಕ್ಷ್ಮತೆ, ಸಂವೇದನೆ ಅಂತೆಲ್ಲ ಸಿಗುತ್ತದೆ. ಆಟದ ಮಟ್ಟಿಗೆ ನನಗೆ ಹತ್ತಿರ ಅನಿಸುವ ಪದ ‘ಚುರುಕು’. ನೀವು ಪರದೆ ಮೇಲೆ ಬೆರಳನ್ನು ಒಂದು ಸೆಂಟಿಮೀಟರ್ ಎಳೆದರೆ ಆಟದೊಳಗಿನ ನೋಟ ಎಷ್ಟು ತಿರುಗಬೇಕು? ಆ ಲೆಕ್ಕವೇ ಸೆನ್ಸಿಟಿವಿಟಿ. ಸಂಖ್ಯೆ ಜಾಸ್ತಿ ಇದ್ದರೆ ಸುಮ್ನೆ ಬೆರಳು ಸೋಕಿದರೂ ನೋಟ ಸರ್ರನೆ ತಿರುಗುತ್ತದೆ. ಕಡಿಮೆ ಇದ್ದರೆ ಉದ್ದಕ್ಕೆ ಎಳೆಯಬೇಕು.

ಚಿನಿವಾರರ ತಕ್ಕಡಿ ಒಂದು ಗುಲಗಂಜಿ ಇಟ್ಟರೂ ಬಾಗುತ್ತದೆ. ಸಂತೆಯಲ್ಲಿ ಈರುಳ್ಳಿ ತೂಗುವ ತಕ್ಕಡಿಗೆ ಗುಲಗಂಜಿ ಬಿದ್ದದ್ದೇ ಗೊತ್ತಾಗುವುದಿಲ್ಲ. ಹಾಗಂತ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅನ್ನೋಕಾಗುತ್ತಾ? ಕೆಲಸ ಬೇರೆ, ತಕ್ಕಡಿ ಬೇರೆ. ಆಟದಲ್ಲೂ ಹಾಗೇ. ಮನೆಯೊಳಗೆ ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿದರೆ ಥಟ್ಟನೆ ತಿರುಗಬೇಕು. ದೂರದ ಗುಡ್ಡದ ಮೇಲೆ ಮಲಗಿದವನ ತಲೆಗೆ ಗುರಿ ಇಡುವಾಗ ಕೂದಲೆಳೆಯಷ್ಟೇ ಸರಿಸಬೇಕು. ಈ ಎರಡಕ್ಕೂ ಒಂದೇ ಸಂಖ್ಯೆ ಸಾಲದು. ಅದಕ್ಕೇ ಸೆಟ್ಟಿಂಗ್ಸ್ ತೆರೆದರೆ ಸಂಖ್ಯೆ ಏರಿಸಿ ಇಳಿಸುವ ಅಷ್ಟೊಂದು ಗೆರೆಗಳು ಕಾಣುತ್ತವೆ: ಸ್ಕೋಪ್ ಇಲ್ಲದಾಗ ಒಂದು, ರೆಡ್ ಡಾಟ್‌ಗೆ (ಕೆಂಪು ಚುಕ್ಕಿಯಿಂದ ಗುರಿ ತೋರಿಸುವ ಸ್ಕೋಪ್) ಒಂದು, ಆಮೇಲೆ 2ಎಕ್ಸ್, 3ಎಕ್ಸ್, 4ಎಕ್ಸ್, 6ಎಕ್ಸ್, 8ಎಕ್ಸ್.

ಸ್ಕೋಪ್ ದೊಡ್ಡದಾದಷ್ಟೂ ಸಂಖ್ಯೆ ಇಳಿಸುತ್ತಾ ಹೋಗುತ್ತಾರೆ. ಪರಂಗಿ ದಂಟಿನ ಕೊಳವೆಯಲ್ಲಿ ಒಂದು ಕಣ್ಣಿಟ್ಟು ನೋಡಿ. ಕಾಣುವ ಜಾಗವೇ ಚಿಕ್ಕದು. ತಲೆ ಸ್ವಲ್ಪ ತಿರುಗಿಸಿದರೂ ನೋಡುತ್ತಿದ್ದ ವಸ್ತು ಮಾಯ. 8ಎಕ್ಸ್‌ನಲ್ಲಿ ಆಗುವುದೂ ಇದೇ. ಜೊತೆಗೆ ಎಲ್ಲವೂ ದೊಡ್ಡದಾಗಿ ಕಾಣುವುದರಿಂದ, ಒಂದು ಡಿಗ್ರಿ ತಿರುಗಿದರೂ ಪರದೆ ಮೇಲೆ ಅದು ಎಷ್ಟೋ ಪಟ್ಟು ದೊಡ್ಡ ಜಿಗಿತ.

ಇನ್ನು ಬಹಳ ಜನ ಎಡವುವ ಪದಕ್ಕೆ ಬರೋಣ. ಅದು ಎಡಿಎಸ್ ಸೆನ್ಸಿಟಿವಿಟಿ. ಏಮ್ ಡೌನ್ ಸೈಟ್ಸ್ ಅನ್ನೋದರ ಚಿಕ್ಕ ರೂಪ ಇದು. ಗನ್ನಿನ ಸೈಟ್, ಅಂದರೆ ಗುರಿ ನೋಡುವ ಭಾಗದ ಮೂಲಕ ಗುರಿ ಹಿಡಿಯುವುದು ಅಂತ ಅರ್ಥ. ಇದಲ್ಲದೆ ಕ್ಯಾಮೆರಾ ಸೆನ್ಸಿಟಿವಿಟಿ ಅಂತ ಇನ್ನೊಂದು ಸಾಲು ಗೆರೆಗಳೂ ಇವೆ. ಹಾಗಾಗಿ ಸ್ಕೋಪ್ ತೆರೆದರೆ ಎಡಿಎಸ್ ಸಂಖ್ಯೆ, ಮುಚ್ಚಿದರೆ ಕ್ಯಾಮೆರಾ ಸಂಖ್ಯೆ ಲೆಕ್ಕಕ್ಕೆ ಬರುತ್ತದೆ ಅಂತ ಅಂದುಕೊಳ್ಳುವುದು ಸಹಜ. ಬಿಜಿಎಂಐನಲ್ಲಿ ಅದು ಹಾಗಲ್ಲ. ಇಲ್ಲಿ ಗುಂಡು ಹಾರಿಸದೆ ಬೆರಳು ಎಳೆದಾಗ ಕ್ಯಾಮೆರಾ ಸಂಖ್ಯೆ, ಗುಂಡು ಹಾರುತ್ತಿರುವಾಗ ಎಳೆದರೆ ಎಡಿಎಸ್ ಸಂಖ್ಯೆ ಕೆಲಸ ಮಾಡುತ್ತದೆ. ಸ್ಕೋಪ್ ತೆರೆದು ಎದುರಾಳಿಯನ್ನು ಹುಡುಕುವಾಗ ಒಂದು ಚುರುಕು. ಫೈರ್ ಬಟನ್ ಒತ್ತಿದ ಕ್ಷಣದಿಂದ ಇನ್ನೊಂದು ಚುರುಕು.

ಯಾಕೆ ಹೀಗೆ ಎರಡು ಮಾಡಿದ್ದಾರೆ? ರಿಕಾಯಿಲ್ ಇರೋದರಿಂದ. ಗುಂಡು ಹಾರಿದಾಗಲೆಲ್ಲ ಗನ್ನಿನ ಮೂತಿ ಮೇಲಕ್ಕೆ ಜಿಗಿಯುತ್ತದೆ. 7.62 ಮಿ.ಮೀ. ಗುಂಡಿನ ಎಕೆಎಂ ಗನ್ ಇನ್ನೂ ಜಾಸ್ತಿ ಜಿಗಿಯುತ್ತದೆ, 5.56 ಮಿ.ಮೀ. ಗುಂಡಿನ ಎಂ416 ಸ್ವಲ್ಪ ಮೆತ್ತಗೆ. ಅದನ್ನು ತಡೆಯಲು ಬೆರಳನ್ನು ಕೆಳಕ್ಕೆ ಎಳೆಯುತ್ತಲೇ ಇರಬೇಕು. ಹುಡುಕುವ ಕೆಲಸಕ್ಕೆ ಬೇಕಾದ ಚುರುಕೇ ಬೇರೆ, ಜಿಗಿತವನ್ನು ಹಿಡಿದಿಡಲು ಬೇಕಾದ ಚುರುಕೇ ಬೇರೆ. ಗನ್ ಮೇಲಕ್ಕೆ ಹೋಗುತ್ತೆ ಅಂತ ಕ್ಯಾಮೆರಾ ಗೆರೆಯನ್ನು ಎಳೆದಾಡುತ್ತಾ ಕೂತವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಾಗಿಲು ತೆಗೆಯಲು ಪಕ್ಕದ ಮನೆ ಬೀಗದಲ್ಲಿ ಕೀಲಿ ತಿರುಗಿಸಿದಂತೆ.

ಜೈರೋಸ್ಕೋಪ್ ಇನ್ನೊಂದು ಲೋಕ. ಇಲ್ಲಿ ಬೆರಳಿನ ಬದಲು ಫೋನನ್ನೇ ವಾಲಿಸಿ ಗುರಿ ಇಡುತ್ತೀರಿ. ಫೋನಿನೊಳಗಿನ ಪುಟ್ಟ ಚಿಪ್‌ನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಭಾಗವೊಂದು ಸದಾ ಕಂಪಿಸುತ್ತಿರುತ್ತದೆ. ಫೋನ್ ತಿರುಗಿದರೆ ಆ ಕಂಪನ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಅನ್ನುವುದರಿಂದ ಫೋನ್ ಎಷ್ಟು ವೇಗವಾಗಿ ತಿರುಗಿತು ಅಂತ ತಿಳಿಯುತ್ತದೆ. ಕೆಲವು ಅಗ್ಗದ ಫೋನುಗಳಲ್ಲಿ ಈ ಚಿಪ್ ಇರುವುದಿಲ್ಲ. ಕೊಳ್ಳುವ ಮುಂಚೆ ಕೇಳಿಕೊಳ್ಳಿ.

ಕ್ಯಾಮೆರಾ ಗೆರೆ 100ರ ಸುತ್ತಮುತ್ತ ಇಟ್ಟುಕೊಂಡವರೇ ಜೈರೋವನ್ನು 300ಕ್ಕೆ ಇಟ್ಟಿರುತ್ತಾರೆ. ಇದೇನು ಇಷ್ಟೊಂದು ಅಂತ ಗಾಬರಿ ಬೇಡ. ಬೆರಳಿಗೆ ಓಡಾಡಲು ಅರ್ಧ ಪರದೆ ಇದೆ. ಮಣಿಕಟ್ಟನ್ನು ಅಷ್ಟು ತಿರುಗಿಸಿದರೆ ಪರದೆಯೇ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಸಣ್ಣ ವಾಲಾಟಕ್ಕೂ ನೋಟ ಚೆನ್ನಾಗಿ ತಿರುಗುವಂತೆ ಸಂಖ್ಯೆ ಏರಿಸಿರುತ್ತಾರೆ. ಒಂದು ಸಲ ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಕೂತು ಜೈರೋ ಹಾಕಿ ಆಡಲು ನೋಡಿದೆ. ಕೈ ಅಲುಗಿಸದಿದ್ದರೂ ಗುರಿ ತಾನೇ ಜಾರುತ್ತಿತ್ತು. ಫೋನ್ ಕೆಟ್ಟಿರಲಿಲ್ಲ. ಪ್ರತಿ ತಿರುವಿನಲ್ಲೂ ಬಸ್ಸಿನ ಜೊತೆ ನಾನೂ ಫೋನೂ ತಿರುಗುತ್ತಿದ್ದೆವು. ಚಿಪ್‌ಗೆ ತಿರುಗುವುದು ಗೊತ್ತು, ತಿರುಗಿಸಿದವರು ಯಾರು ಅಂತ ಗೊತ್ತಿಲ್ಲ.

ಈಗ ಹೇಳಿ, ಇನ್ನೊಬ್ಬರ ಕೋಡ್ ನಮ್ಮ ಫೋನಿಗೆ ಯಾಕೆ ಹೊಂದುವುದಿಲ್ಲ? ಅವರ ಪರದೆ ದೊಡ್ಡದಿರಬಹುದು. ಅವರು ನಾಲ್ಕು ಬೆರಳಲ್ಲಿ ಆಡುತ್ತಿರಬಹುದು, ನೀವು ಎರಡು ಹೆಬ್ಬೆರಳಲ್ಲಿ. ಅವರ ಬೆರಳು ಒಣಗಿರುತ್ತೆ, ನಿಮ್ಮದು ಬೆವರಿ ಗಾಜಿಗೆ ಅಂಟುತ್ತೆ. ಕೋಡ್‌ನಲ್ಲಿ ಬರುವುದು ಸಂಖ್ಯೆ ಮಾತ್ರ, ಕೈ ಬರುವುದಿಲ್ಲ ಅಲ್ವಾ?

ನಿಮ್ಮ ಸಂಖ್ಯೆ ಸಿಗಬೇಕಾದರೆ ಟ್ರೈನಿಂಗ್ ಮೈದಾನಕ್ಕೆ ಹೋಗಿ. ಎಂ416 ತಗೊಂಡು ರೆಡ್ ಡಾಟ್ ಹಾಕಿ. ಎಕ್ಸ್‌ಟೆಂಡೆಡ್ ಮ್ಯಾಗಜೀನ್ (ಹೆಚ್ಚು ಗುಂಡು ಹಿಡಿಯುವ ಪೆಟ್ಟಿಗೆ) ಹಾಕಿದರೆ 40 ಗುಂಡು ಬರುತ್ತದೆ. ಸ್ವಲ್ಪ ದೂರದ ಗೋಡೆಯ ಒಂದೇ ಜಾಗಕ್ಕೆ ಗುರಿ ಇಟ್ಟು, ಬೆರಳು ಕೆಳಕ್ಕೆ ಎಳೆಯುತ್ತಾ ಎಲ್ಲವನ್ನೂ ಖಾಲಿ ಮಾಡಿ. ಆಮೇಲೆ ಗೋಡೆ ನೋಡಿ. ಗುರುತುಗಳು ಮೇಲಕ್ಕೆ ಹತ್ತಿದ್ದರೆ ಎಡಿಎಸ್ 5 ಏರಿಸಿ. ನೆಲದ ಕಡೆ ಇಳಿದಿದ್ದರೆ 5 ಇಳಿಸಿ. ಗುರುತುಗಳು ಒಂದು ರೊಟ್ಟಿಯಗಲದಲ್ಲಿ ಸೇರುವವರೆಗೂ ಇದೇ ಕೆಲಸ. ಒಂದೇ ದಿನ ಎಲ್ಲ ಗೆರೆಗಳನ್ನೂ ಮುಟ್ಟಬೇಡಿ. ಕೈಗೆ ಅಭ್ಯಾಸವಾಗಲು ಮೂರು ನಾಲ್ಕು ದಿನವಾದರೂ ಬೇಕು. ಹಳೆಯ ಸಂಖ್ಯೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ.

ನಾನು ಮತ್ತು ತಮ್ಮ ಒಂದು ಭಾನುವಾರ ಪಕ್ಕಪಕ್ಕ ಕೂತು ಇದನ್ನೇ ಮಾಡಿದೆವು. ಅದೇ ಗನ್, ಅದೇ ರೆಡ್ ಡಾಟ್, ಅದೇ ಗೋಡೆ. ನನ್ನ ಗುರುತುಗಳು ಒಟ್ಟಿಗೆ ಸೇರಿದ್ದು 55ಕ್ಕೆ. ಅವನದು 70ಕ್ಕೆ.